ಅಟ್ಟದ ಮೇಜಿಗೊಂದು ಹೊಸ ಕೆಲಸ

ನಮ್ಮ ಕಡೆಯ ಯಾವುದೇ ಹಳೆಯ ಮನೆಯ ಅಟ್ಟ ಹತ್ತಿ ನೋಡಿದರೂ ಕಾಲು ಅಲುಗುವ ಕುರ್ಚಿ, ಬೀಗದ ಕೈ ಕಳೆದುಹೋದ ಪೆಟ್ಟಿಗೆ, ಡ್ರಾವರು ಬಿಗಿದುಹೋದ ಮೇಜು ಇವುಗಳಲ್ಲಿ ಒಂದಾದರೂ ಕಾಣಸಿಗದಿರದು. ಮನೆ ಪಾಲಾಗುವಾಗ ಗದ್ದೆ, ತೋಟಗಳಿಗೆ ಸರ್ವೆ ನಂಬ್ರದ ಲೆಕ್ಕ ಉಂಟು. ಚಿನ್ನಕ್ಕೂ ಪಾತ್ರೆಗಳಿಗೂ ತೂಕದ ಲೆಕ್ಕ ಉಂಟು. ಇಂತಹ ಮರದ ಸಾಮಾನುಗಳಿಗೆ ಮಾತ್ರ ಯಾವ ಲೆಕ್ಕವೂ ಇಲ್ಲ. ಗುಜರಿಯವನು ಬಂದು ಕಟ್ಟಿಗೆಯ ಕ್ರಯ ಹೇಳುತ್ತಾನೆ. ಮನೆಯವರು ಜಾಗ ಖಾಲಿಯಾಯಿತಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ಇದೇ ಮನೆಯವರು ಹೊಸ ಕೋಣೆ ಕಟ್ಟಿಸುವಾಗ ಕೈ ತೊಳೆಯುವ ಬೇಸಿನ್ನಿಗೆಂದು ಪೇಟೆಯಿಂದ ಒಂದು ಕಪಾಟು ತರುತ್ತಾರೆ. ಅಂಗಡಿಯವರು ಇದನ್ನು 'ವ್ಯಾನಿಟಿ' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಒಣಜಂಭ ಎಂಬ ಅರ್ಥವೂ ಉಂಟು. ಇಂತಹ ಅಗ್ಗದ ಕಪಾಟುಗಳಲ್ಲಿ ಹೆಚ್ಚಿನವು ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆಯವು. ಮೇಲಿನ ಹೊಳಪಿನ ಕಾಗದ ಒಂದು ಕಡೆ ಎದ್ದಿತೆಂದರೆ ನೀರು ಒಳಗಿಳಿದು ಹಲಗೆ ಉಬ್ಬುತ್ತದೆ. ಉಬ್ಬಿದ ಹಲಗೆ ಮತ್ತೆ ಸರಿಯಾಗುವುದಿಲ್ಲ. ಹೀಗೆ ಗಟ್ಟಿ ಮರ ಮನೆಯಿಂದ ಹೊರಗೆ ಹೋಗಿ, ಮರದ ಹುಡಿ ಹಣ ಕೊಡಿಸಿಕೊಂಡು ಒಳಗೆ ಬರುತ್ತದೆ.

ಅಟ್ಟದ ಮೇಜನ್ನೇ ಬೇಸಿನ್ನಿನ ಪೀಠವಾಗಿ ಮಾಡಿಕೊಳ್ಳಲು ಸಾಧ್ಯವೇ? ಸಾಧ್ಯ. ಆದರೆ ಮೂರು ಮಾತುಗಳನ್ನು ಮರೆಯಬಾರದು. ಒಣಗಿದ ಜಾಗ ಬೇಕು. ಮನೆಯ ಅತಿ ಹಿರಿಯರ ಕೈಗೆ ತಕ್ಕ ಎತ್ತರ ಬೇಕು. ಮತ್ತೆ ಸರಿಪಡಿಸಲಾಗದಂತೆ ಕೊರೆಯುವ ಮೊದಲು ಎರಡು ಸಲ ಯೋಚಿಸಬೇಕು.

ಹೊಸ ಯೋಚನೆಯೇನೂ ಅಲ್ಲ

ನಳ್ಳಿಯ ನೀರು ಮನೆಯೊಳಗೆ ಬರುವ ಮೊದಲು ಯುರೋಪಿನವರು ಮುಖ ತೊಳೆಯುತ್ತಿದ್ದುದು ಮಲಗುವ ಕೋಣೆಯಲ್ಲಿ, ಒಂದು ಮೇಜಿನ ಮುಂದೆ. ಮೇಜಿನ ಮೇಲೆ ಅಮೃತಶಿಲೆಯ ಹಲಗೆ ಇರುತ್ತಿತ್ತು, ಅಥವಾ ಮರದ ಹಲಗೆಯಲ್ಲೇ ದುಂಡಗೆ ಕೊರೆದು ಪಿಂಗಾಣಿ ಬೋಗುಣಿಯನ್ನು ಕೂರಿಸುತ್ತಿದ್ದರು. ಪಕ್ಕದಲ್ಲಿ ನೀರಿನ ಹೂಜಿ, ಕೆಳಗೆ ಕೊಳೆನೀರಿನ ಬಾಲ್ದಿ. ಇದಕ್ಕೆ 'ವಾಷ್‌ಸ್ಟ್ಯಾಂಡ್' ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪಟ್ಟಣಗಳಲ್ಲಿ ಕೊಳವೆಯ ನೀರು ಬಂದ ಮೇಲೆ ಬೋಗುಣಿಯು ಗೋಡೆಗೆ ಅಂಟಿತು, ಮೇಜು ಮೂಲೆಗೆ ಸೇರಿತು. ಈಗ ಹಳೆಯ ಮೇಜಿಗೆ ಬೇಸಿನ್ನು ಕೂರಿಸುವವರು ಹೊಸದನ್ನು ಮಾಡುತ್ತಿಲ್ಲ. ಬೋಗುಣಿಯನ್ನು ಅದರ ಹಳೆಯ ಜಾಗಕ್ಕೆ ಮರಳಿ ತರುತ್ತಿದ್ದಾರೆ ಅಷ್ಟೆ.

ನಮ್ಮಲ್ಲಿ ಈ ಪದ್ಧತಿ ಇರಲಿಲ್ಲ. ಜಗಲಿಯ ಬದಿಯಲ್ಲಿ ನೀರು ತುಂಬಿದ ಗಿಂಡಿ, ಹಿತ್ತಿಲಲ್ಲಿ ಬಚ್ಚಲುಕೊಟ್ಟಿಗೆ, ಕಲ್ಮರಿಗೆ, ಹಂಡೆ. ನೀರಿನ ಕೆಲಸವೆಲ್ಲ ಮನೆಯ ಹೊರಗೆ, ಮರದ ಸಾಮಾನೆಲ್ಲ ಮನೆಯ ಒಳಗೆ. ಮಳೆ ಹೆಚ್ಚಿರುವ ನಾಡಿನಲ್ಲಿ ಇದು ತುಂಬ ಬುದ್ಧಿವಂತಿಕೆಯ ಏರ್ಪಾಡು. ಆದರೆ ಎಂಬತ್ತು ದಾಟಿದವರು ರಾತ್ರಿ ಎದ್ದು, ಪಾಚಿ ಹಿಡಿದ ಅಂಗಳ ದಾಟಿ ಬಚ್ಚಲಿಗೆ ಹೋಗಬೇಕಾಗಿ ಬಂದಾಗ ಈ ಏರ್ಪಾಡಿನ ಇನ್ನೊಂದು ಮುಖ ಕಾಣುತ್ತದೆ. ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದ ಹಿರಿಯರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಎಂಬುದನ್ನು ಓದುಗರೇ ಬಲ್ಲರು.

ಕುಂದಾದಲ್ಲಿ ಕಂಡದ್ದು

ಈ ಸಮಸ್ಯೆಗೆ ಒಂದು ಸೊಗಸಾದ ಪರಿಹಾರವನ್ನು ನಾವು ಕಂಡದ್ದು ನೀಲಗಿರಿಯಲ್ಲಿ. ಬೇಸಗೆಯ ರಜೆಯಲ್ಲಿ ನಾವು ಕೆಲವು ಶಿಕ್ಷಕರು ಉದಕಮಂಡಲಕ್ಕೆ ಹೋದವರು, ಅಲ್ಲಿಂದ ಕುಂದಾ ತಾಲೂಕಿನ ಮಂಜೂರಿನ ಕಡೆಗೂ ಹೋಗಿದ್ದೆವು. ನಮ್ಮ ಮಂಜೇಶ್ವರದ ಹೆಸರು ಕೇಳಿದಂತೆಯೇ ಆಗುವ ಈ ಮಂಜೂರು ಕುಂದಾ ತಾಲೂಕಿನ ಕೇಂದ್ರ. ಬಡಗರ ನಾಲ್ಕು ಸೀಮೆಗಳಲ್ಲಿ ಒಂದಾದ ಕುಂದೆನಾಡು ಇದೇ. ಬಡಗು ಮಾತನ್ನು ಕೆಲವರು ಕನ್ನಡದ ಉಪಭಾಷೆಯೆಂದೂ ಕೆಲವರು ಬೇರೆಯೇ ಭಾಷೆಯೆಂದೂ ಹೇಳುತ್ತಾರೆ. ಆ ಚರ್ಚೆ ವಿದ್ವಾಂಸರಿಗಿರಲಿ. ನೀರು, ಮನೆ, ಹಾಲು ಎಂಬ ಮಾತುಗಳಿಗೆ ನಮಗೆ ದುಭಾಷಿ ಬೇಕಾಗಲಿಲ್ಲ.

ಕುಂದಾ ಎಂದರೆ ಮಳೆಯ ಸೀಮೆ. ನೀಲಗಿರಿಯ ಪಡುವಣ ಮಗ್ಗುಲಲ್ಲಿರುವುದರಿಂದ ನೈಋತ್ಯ ಮಳೆಗಾಲದ ಹೊಡೆತ ನೇರವಾಗಿ ಇದಕ್ಕೇ ಬೀಳುತ್ತದೆ. 2019ರ ಆಗಸ್ಟಿನಲ್ಲಿ ಇಲ್ಲಿನ ಅವಲಾಂಚಿಯಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದದ್ದು ಹಲವರಿಗೆ ನೆನಪಿರಬಹುದು. ಮಳೆ ಬಿಟ್ಟರೆ ಮಂಜು, ಮಂಜು ಬಿಟ್ಟರೆ ಚಳಿ. ಈ ನೀರನ್ನು ನಂಬಿಯೇ ಕೆನಡಾ ದೇಶದ ನೆರವಿನೊಂದಿಗೆ ಕುಂದಾ ಜಲವಿದ್ಯುತ್ ಯೋಜನೆಯು 1956ರಲ್ಲಿ, ಎಂದರೆ ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ, ಆರಂಭವಾಯಿತು. ಇಂತಹ ಹವೆಯಲ್ಲಿ ಮರದ ಮೇಜು ನೀರಿನ ಬದಿಯಲ್ಲಿ ಬಾಳಿದರೆ ನಮ್ಮ ಊರಿನಲ್ಲಿಯೂ ಬಾಳೀತು ಎಂದು ಧೈರ್ಯವಾಗಿ ಹೇಳಬಹುದು.

ಗುಡ್ಡದಲ್ಲಿ ಒಳ್ಳೆಯ ಮರದ ಸಾಮಾನು ಬಹಳ ಕಾಲದಿಂದ ಉಂಟು. ಕೊಯಂಬತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲ್ಲಿವನ್ 1819ರಲ್ಲಿ ಗುಡ್ಡ ಹತ್ತಿದ ಮೇಲೆ ಒಂದೊಂದಾಗಿ ಬಂಗಲೆಗಳು ಎದ್ದವು. ರೈಲು ಉದಕಮಂಡಲವನ್ನು ಮುಟ್ಟಿದ್ದು 1908ರಲ್ಲಿ. ಅದರ ಮೊದಲು ದೊಡ್ಡ ಸಾಮಾನುಗಳನ್ನು ಮೇಲಕ್ಕೆ ಸಾಗಿಸುವುದು ಸುಲಭದ ಮಾತಾಗಿರಲಿಲ್ಲ. ತಪ್ಪಲಿನ ಕಾಡುಗಳಲ್ಲಿ ತೇಗ, ಬೀಟೆ ಧಾರಾಳವಾಗಿದ್ದುವು. ಕೆಳಗಿನ ನಿಲಂಬೂರಿನಲ್ಲಿ 1840ರ ದಶಕದಲ್ಲೇ ತೇಗದ ತೋಪು ನೆಟ್ಟಿದ್ದರು. ಬಂಗಲೆಯವರು ಊರು ಬಿಟ್ಟು ಹೋದಾಗ ಅವರ ಮೇಜು, ಕಪಾಟುಗಳು ಏಲಮಿನಲ್ಲಿ ಮಾರಾಟವಾಗಿ ಹಟ್ಟಿಗಳ ಮನೆಗಳನ್ನು ಸೇರಿದವು.

ನಾವು ಹೋದ ಮನೆಯಲ್ಲಿ ಇದ್ದುದು ಅಂತಹ ಒಂದು ತೇಗದ ಬರೆಯುವ ಮೇಜು. ಎರಡು ಬದಿಗೂ ಮೂರು ಮೂರು ಡ್ರಾವರು, ನಡುವೆ ಕಾಲು ಚಾಚುವಷ್ಟು ಜಾಗ. ಮನೆಯ ಯಜಮಾನರು ನಿವೃತ್ತ ನೌಕರರು. ಅವರ ತಾಯಿಗೆ ಎಂಬತ್ತು ಕಳೆದಿದೆ. ಬಚ್ಚಲು ಹಿತ್ತಿಲಲ್ಲಿ. ಒಂದು ಚಳಿಗಾಲದ ರಾತ್ರಿ ಅಜ್ಜಿ ಮೆಟ್ಟಲಲ್ಲಿ ಜಾರಿದರು. ಪುಣ್ಯಕ್ಕೆ ಮಣಿಕಟ್ಟಿನ ನೋವಿನಲ್ಲೇ ಮುಗಿಯಿತು. ಅಜ್ಜಿಯ ಕೋಣೆಯ ಹೊರಗೇ ಕೈ, ಬಾಯಿ ತೊಳೆಯಲು ಏನಾದರೂ ಏರ್ಪಾಡು ಮಾಡಬೇಕೆಂದು ಅಂದೇ ನಿಶ್ಚಯವಾಯಿತು. ಕೊಯಂಬತ್ತೂರಿನಲ್ಲಿರುವ ಮೊಮ್ಮಕ್ಕಳು ಮೇಜನ್ನು ಮಾರಿ ಹೊಸ ಕಪಾಟು ತರುವುದೆಂದರು. ಯಜಮಾನರು ಮೇಜನ್ನೇ ಕೊರೆದು ಬೇಸಿನ್ನು ಇಡುವುದೆಂದರು. ಅಜ್ಜಿ ಎರಡಕ್ಕೂ ಒಪ್ಪಲಿಲ್ಲ. ಅವರ ಯಜಮಾನರು ನಲವತ್ತು ವರ್ಷ ಚಹಾ ಸೊಪ್ಪಿನ ಲೆಕ್ಕ ಬರೆದ ಮೇಜು ಅದು. ಮೇಜು ಮನೆಯಲ್ಲೇ ಇರಬೇಕು, ಆದರೆ ಅವರ ಕೈ ಊರಿದ ಹಲಗೆಗೆ ಗರಗಸ ತಾಗಬಾರದು. ಅಜ್ಜಿಯ ಷರತ್ತು ಇಷ್ಟೆ.

ದಾರಿ ತೋರಿಸಿದವನು ಊರಿನ ಆಚಾರಿ. ಮೇಜನ್ನು ಮಗುಚಿ ನೋಡಿದಾಗ ಮೇಲಿನ ಹಲಗೆಯನ್ನು ಅಂಟಿನಲ್ಲಿ ಕೂರಿಸಿರಲಿಲ್ಲ. ಕೆಳಗಿನಿಂದ ಎಂಟು ಸ್ಕ್ರೂಗಳಲ್ಲಿ ಬಿಗಿದಿತ್ತು. ಸ್ಕ್ರೂ ಬಿಚ್ಚಿದ, ಹಲಗೆ ಇಡಿಯಾಗಿ ಬಂತು. ಅದರ ಬದಲು ಅದೇ ಅಳತೆಯ ಹೊಸ ಹಲಗೆ ಹಾಕಿ, ಮೇಲೆ ತೆಳ್ಳಗಿನ ಕಲ್ಲು ಹಾಸಿ, ನಡುವೆ ಕೊರೆದು ಬೇಸಿನ್ನನ್ನು ಇಳಿಸಿದ. ಹಳೆಯ ಹಲಗೆಯು ಈಗ ಅಜ್ಜಿಯ ಮಂಚದ ಪಕ್ಕದ ಗೋಡೆಯಲ್ಲಿ ಉದ್ದದ ತಟ್ಟಿನಂತೆ ಇದೆ. ಅದರ ಮೇಲೆ ದೇವರ ಪಟ, ಔಷಧದ ಬಾಟಲಿ, ಕನ್ನಡಕ. ನಾಳೆ ಯಾರಿಗಾದರೂ ಮೇಜು ಮೇಜಾಗಿಯೇ ಬೇಕೆಂದರೆ ಎಂಟು ಸ್ಕ್ರೂ ತಿರುಗಿಸಿದರೆ ಸಾಕು. ನಡುವಿನ ಖಾಲಿ ಜಾಗದಿಂದ ಇನ್ನೊಂದು ಉಪಕಾರವಾಯಿತು. ನಿಲ್ಲಲಾಗದ ದಿನ ಅಜ್ಜಿ ಕುರ್ಚಿಯಲ್ಲಿ ಕುಳಿತೇ, ಮೊಣಕಾಲನ್ನು ಮೇಜಿನಡಿಗೆ ಸೇರಿಸಿ ಮುಖ ತೊಳೆಯುತ್ತಾರೆ.

ಎಲ್ಲಿ ಇಡಬೇಕು?

ವಿದೇಶದ ಚಿತ್ರಗಳನ್ನು ನೋಡಿ ಮೋಸಹೋಗುವುದು ಇಲ್ಲಿಯೇ. ಅಲ್ಲಿಯ ಸ್ನಾನದ ಕೋಣೆಯ ನೆಲ ಒಣಗಿರುತ್ತದೆ; ನೀರೆಲ್ಲ ತೊಟ್ಟಿಯೊಳಗೆ ಅಥವಾ ಗಾಜಿನ ಮರೆಯೊಳಗೆ. ನಾವು ಚೆಂಬಿನಿಂದ ಎರೆದುಕೊಂಡು ಸ್ನಾನ ಮಾಡುವವರು, ನೆಲಕ್ಕೆ ನೀರು ಸುರಿದು ಗುಡಿಸುವವರು. ನಮ್ಮ ಬಚ್ಚಲಲ್ಲಿ ಎಂತಹ ತೇಗದ ಮೇಜಿನ ಕಾಲೂ ಬಹುಕಾಲ ಬಾಳದು. ಆದುದರಿಂದ ಹಳೆಯ ಮೇಜಿನ ಬೇಸಿನ್ನಿಗೆ ತಕ್ಕ ಜಾಗ ಬಚ್ಚಲಲ್ಲ; ಊಟದ ಕೋಣೆಯ ಬದಿ, ಒಳಜಗಲಿ ಅಥವಾ ಹಿರಿಯರ ಕೋಣೆಯ ಹೊರಗಿನ ಮೂಲೆ. ಅದರ ಬೆನ್ನಿಗೆ ಹೊರಗೋಡೆ ಇದ್ದರೆ ಕೊಳವೆಯ ಕೆಲಸವೂ ಸುಲಭ. ಗೋಡೆಯು ಮಳೆಗಾಲದಲ್ಲಿ ಬೆವರುವಂತಹುದಾದರೆ ಮೇಜನ್ನು ಎರಡು ಅಂಗುಲ ಮುಂದಕ್ಕೆ ಇಟ್ಟು ಗಾಳಿಯಾಡಲು ಎಡೆ ಬಿಡಬೇಕು.

ಯಾವ ಮೇಜು ಆದೀತು?

ಮರದ ಜಾತಿ ಮೊದಲು ನೋಡಬೇಕು. ತೇಗದಲ್ಲಿ ಸಹಜವಾದ ಎಣ್ಣೆಯ ಅಂಶ ಇರುವುದರಿಂದ ಅದು ಎಲ್ಲಕ್ಕಿಂತ ಉತ್ತಮ. ನಮ್ಮ ಊರಿನ ಹೆಬ್ಬಲಸು ದೋಣಿಗೆ ಬಳಸುವ ಮರ, ನೀರಿಗೆ ಹೆದರುವುದಿಲ್ಲ. ಹಲಸಿನ ತಿರುಳೂ ಆದೀತು. ಮಾವು ಬೇಡ. ನೀಲಗಿರಿಯ ಚಹಾ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ನೋಟಕ್ಕೆ ಚಂದ, ಆದರೆ ತೇವಕ್ಕೂ ಒರಲೆಗೂ ಬೇಗ ಸೋಲುತ್ತದೆ.

ಬಳಿಕ ಮರದ ಆರೋಗ್ಯ. ಕಾಲಿನ ಬುಡ, ಹಿಂಬದಿ, ಡ್ರಾವರಿನ ಅಡಿ ಇವುಗಳನ್ನು ಚೂರಿಯ ತುದಿಯಿಂದ ಒತ್ತಿ ನೋಡಬೇಕು. ತುದಿ ಸುಲಭವಾಗಿ ಇಳಿದರೆ ಒಳಗೆ ಹೊಟ್ಟಾಗಿದೆ ಎಂದರ್ಥ. ಕೆಳಗೆ ಹಳದಿ ಹುಡಿ ಬಿದ್ದಿದ್ದರೆ ಕುಟ್ಟೆ ಹಿಡಿದಿದೆ. ಅದಕ್ಕೆ ಮದ್ದು ಮಾಡದೆ ಮುಂದುವರಿಯಬಾರದು. ಸಂದುಗಳು ಅಲುಗಿದರೆ ಮೊದಲು ಬಿಗಿಯಬೇಕು. ಏಕೆಂದರೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, 18 ಮಿಲಿಮೀಟರು ದಪ್ಪದ ಗ್ರಾನೈಟು ಸುಮಾರು 20 ಕಿಲೋ ತೂಗುತ್ತದೆ. ಅದರ ಮೇಲೆ ಬೇಸಿನ್ನಿನ ಭಾರ, ನೀರಿನ ಭಾರ, ಕೈಯೂರಿ ನಿಲ್ಲುವ ಹಿರಿಯರ ಭಾರ.

ಅಗಲ ಒಂದೂವರೆ ಅಡಿಗಿಂತ ಕಡಿಮೆಯಿದ್ದರೆ ನೀರು ಎದುರಿಗಿದ್ದವರ ಸೀರೆಗೆ, ಮುಂಡಿಗೆ ಹಾರುತ್ತದೆ.

ಎತ್ತರದ ಲೆಕ್ಕ

ಬೇಸಿನ್ನಿನ ಅಂಚು ನೆಲದಿಂದ 32ರಿಂದ 34 ಅಂಗುಲದಲ್ಲಿ ಇರುವುದು ವಾಡಿಕೆ. ಗಿಡ್ಡ ಮೈಯ ಹಿರಿಯರಿಗೆ 31 ಅಂಗುಲವೇ ಹಿತ. ಹಳೆಯ ಬರೆಯುವ ಮೇಜುಗಳ ಎತ್ತರ ಸಾಮಾನ್ಯವಾಗಿ 30 ಅಂಗುಲ. ಈಗಿನ ಅಂಗಡಿಗಳಲ್ಲಿ ಹಲಗೆಯ ಮೇಲೆ ಬಟ್ಟಲಿನಂತೆ ಕೂರುವ ಬೇಸಿನ್ನುಗಳು ಹೆಚ್ಚು. ಅವು ಐದಾರು ಅಂಗುಲ ಎತ್ತರ. ಮೇಜಿನ ಮೇಲೆ ಅಂತಹುದನ್ನು ಇಟ್ಟರೆ 36 ಅಂಗುಲವಾಗಿ, ತೊಳೆದ ನೀರು ಮೊಣಕೈಗೆ ಹರಿದು ಬರುತ್ತದೆ. ಆದುದರಿಂದ ಮೇಜಿಗೆ ಹಲಗೆಯೊಳಗೆ ಇಳಿಯುವ ಬೇಸಿನ್ನೇ ಸರಿ. ಕಾಲಡಿಯ ತುಂಡು, ಮೇಲಿನ ಕಲ್ಲು ಎರಡೂ ಸೇರಿದರೆ ಒಂದೂವರೆ ಅಂಗುಲ ಏರಿ 31½ಕ್ಕೆ ನಿಲ್ಲುತ್ತದೆ. ಕುಳಿತು ತೊಳೆಯುವವರಿಗೆ ಮೊಣಕಾಲಿನ ಜಾಗ 27 ಅಂಗುಲ ಎತ್ತರ ಇರಬೇಕು. ನಡುವೆ ಡ್ರಾವರು ಇದ್ದರೆ ಅದನ್ನು ತೆಗೆಯಬೇಕಾದೀತು.

ನೀರಿನ ದಾರಿ

ಒಳಬರುವ ನೀರಿಗೆ ಅರ್ಧ ಅಂಗುಲದ ಕೊಳವೆ, ಹೊರಹೋಗುವುದಕ್ಕೆ ಒಂದೂಕಾಲು ಅಂಗುಲದ್ದು. ಹೊರಹೋಗುವ ಕೊಳವೆಗೆ ಒಂದು ಅಡಿಗೆ ಕಾಲು ಅಂಗುಲದಂತೆ ಇಳಿಜಾರು ಕೊಡಬೇಕು. ಮೇಜಿನ ಹಿಂಬದಿಯ ತೆಳು ಹಲಗೆಯಲ್ಲಿ ಮಾತ್ರ ತೂತು ಮಾಡಿದರೆ ಸಾಕು; ಕಾಲಿಗಾಗಲಿ ಚೌಕಟ್ಟಿಗಾಗಲಿ ಕೈ ಹಚ್ಚುವ ಅಗತ್ಯವಿಲ್ಲ. ಮೇಲಿನ ಡ್ರಾವರು ಕೊಳವೆಗೆ ಅಡ್ಡ ಬಂದರೆ ಅದರ ಮುಖವನ್ನು ಮಾತ್ರ ಜಾಗದಲ್ಲೇ ಭದ್ರಪಡಿಸಿ, ಒಳಪೆಟ್ಟಿಗೆಯನ್ನು ಬಿಚ್ಚಿ ತೆಗೆದಿಡಬಹುದು. ಕೆಳಗಿನ ಡ್ರಾವರುಗಳು ಸೋಪು, ಪಂಚೆ, ಔಷಧಿಗಳಿಗೆ ಒದಗುತ್ತವೆ.

ಬೇಸಿನ್ನಿನ ಕೆಳಗೆ ಕೊಳವೆ ಒಮ್ಮೆ ಇಳಿದು ಮತ್ತೆ ಮೇಲಕ್ಕೆ ಬಾಗಬೇಕು. ಆ ಬಾಗಿನಲ್ಲಿ ಸದಾ ಎರಡು ಅಂಗುಲ ನೀರು ನಿಂತು ಚರಂಡಿಯ ವಾಸನೆಯನ್ನೂ ಜಿರಲೆಯನ್ನೂ ತಡೆಯುತ್ತದೆ. ಪ್ಲಂಬರುಗಳು ಇದನ್ನು 'ಟ್ರ್ಯಾಪ್' ಎನ್ನುತ್ತಾರೆ. ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯನ್ನು ನೇರವಾಗಿ ಇಳಿಸಿ ಬಿಡುವ ಆತುರದ ಕೆಲಸದಲ್ಲಿ ಈ ಬಾಗು ಇರುವುದೇ ಇಲ್ಲ. ಮಕ್ಕಳೆಲ್ಲ ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು ತಿಂಗಳುಗಟ್ಟಲೆ ಬೀಗ ಹಾಕಿರುವ ಮನೆಗಳಲ್ಲಿ ಬಾಗಿನ ನೀರು ಒಣಗಿಹೋಗುತ್ತದೆ. ಬೀಗ ತೆಗೆದ ದಿನ ಒಂದು ಚೆಂಬು ನೀರು ಸುರಿದರೆ ವಾಸನೆ ನಿಲ್ಲುತ್ತದೆ. ಹೊರಹೋದ ನೀರನ್ನು ಬಾಳೆಯ ಬುಡಕ್ಕೋ ತೆಂಗಿನ ಬುಡಕ್ಕೋ ಬಿಟ್ಟರೆ ಅದೂ ವ್ಯರ್ಥವಾಗದು.

ಮರಕ್ಕೆ ರಕ್ಷೆ

ಹಳೆಯ ಮೇಜುಗಳಿಗೆ ಇರುವುದು ಅರಗಿನ ಪಾಲಿಶು. ನೋಡಲು ಅಂದವಾದರೂ ನೀರು ನಿಂತಲ್ಲಿ ಅದು ಬಿಳಿಚಿಕೊಳ್ಳುತ್ತದೆ. ನೀರು ಹಾರುವ ಭಾಗಗಳಲ್ಲಿ ಅದನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆದು, ಪಾಲಿಯುರಿಥೇನ್ ಎಂಬ ನೀರು ತಡೆಯುವ ವಾರ್ನಿಷನ್ನು ಮೂರು ನಾಲ್ಕು ಸಲ, ಪ್ರತಿ ಸಲವೂ ಪೂರ್ತಿ ಒಣಗಿದ ಮೇಲೆ ಬಳಿಯಬೇಕು. ಮಳೆಗಾಲದಲ್ಲಿ ಈ ಕೆಲಸ ಕೂಡದು. ಜನವರಿಯಿಂದ ಮೇ ತಿಂಗಳ ನಡುಭಾಗದವರೆಗೆ ಒಳ್ಳೆಯ ಕಾಲ. ಹಲಗೆಯ ಮೇಲ್ಮೈಗೆ ಮಾತ್ರ ಬಳಿದು ಅಡಿಯನ್ನು ಬಿಟ್ಟರೆ ಒಂದು ಮೈ ತೇವ ಹೀರಿ ಇನ್ನೊಂದು ಹೀರದೆ ಹಲಗೆ ಬಾಗುತ್ತದೆ. ಕೊರೆದ ತೂತಿನ ಅಂಚೇ ಎಲ್ಲಕ್ಕಿಂತ ಹೆಚ್ಚು ನೀರು ಕುಡಿಯುವ ಜಾಗವಾದುದರಿಂದ ಮೊದಲ ಸಲ ಅಲ್ಲಿಗೇ ಬಳಿಯಬೇಕು. ಬೇಸಿನ್ನಿನ ಸುತ್ತ ಸಿಲಿಕೋನ್ ಅಂಟು ತುಂಬಬೇಕು; ಅದು ಎದ್ದಲ್ಲಿ ಕೂಡಲೇ ತೆಗೆದು ಹೊಸದಾಗಿ ತುಂಬುವುದು ಅಗತ್ಯ.

ಕಣ್ಣಿಗೆ ಕಾಣದ ಹಿಂಬದಿಗೂ ಕಾಲಿನ ಬುಡಕ್ಕೂ ನಮ್ಮ ಹಿರಿಯರ ಗೇರೆಣ್ಣೆಯೇ ಸಾಕು. ಮಾಡಿನ ಪಕ್ಕಾಸಿಗೂ ದೋಣಿಗೂ ಬಳಿಯುತ್ತಿದ್ದ ಈ ಎಣ್ಣೆಯನ್ನು ಒರಲೆ ಮುಟ್ಟುವುದಿಲ್ಲ. ಆದರೆ ಅದು ಚರ್ಮವನ್ನು ಸುಡುತ್ತದೆ, ಬಣ್ಣವೂ ಕಪ್ಪು. ಕೈ ತಾಗುವ ಜಾಗಕ್ಕೆ ಎಂದಿಗೂ ಬೇಡ. ಬಳಿಯುವಾಗಲೂ ಕೈಗೆ ಚೀಲ ಕಟ್ಟಿಕೊಳ್ಳಬೇಕು. ಕಾಲುಗಳ ಕೆಳಗೆ ಮುಕ್ಕಾಲು ಅಂಗುಲದ ಕಲ್ಲಿನ ಅಥವಾ ರಬ್ಬರಿನ ತುಂಡು ಇಟ್ಟರೆ ನೆಲ ಒರಸುವ ನೀರು ಮರಕ್ಕೆ ಏರುವುದಿಲ್ಲ.

ಕೊರೆಯಬಾರದ ಸಾಮಾನುಗಳು

ಎಲ್ಲ ಹಳೆಯ ಸಾಮಾನನ್ನೂ ಬೇಸಿನ್ನಿಗೆ ಇಳಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಬೀಟೆಯ ಮೇಜು, ಕೆತ್ತನೆಯ ಪೆಟ್ಟಿಗೆ, ಮರದ ಬೆಣೆಯಲ್ಲೇ ಜೋಡಿಸಿದ ಪತ್ತಾಯ ಇವು ಇದ್ದಂತೆಯೇ ಇರಲಿ. ಅಂತಹ ಕೆಲಸ ಮಾಡಬಲ್ಲ ಆಚಾರಿಗಳು ಕಡಿಮೆಯಾಗುತ್ತಿದ್ದಾರೆ; ಅಷ್ಟು ಅಗಲದ ಒಂಟಿ ಹಲಗೆ ಈಗ ಸಿಗುವುದೂ ಕಷ್ಟ. ಮೇಲಿನ ಹಲಗೆ ಬಿಚ್ಚಲು ಬಾರದ ಮೇಜಾದರೆ, ಅದು ಸಾಮಾನ್ಯದ್ದೇ ಎಂದು ತಿಳಿದವರೊಬ್ಬರು ಹೇಳಿದ ಮೇಲೆ ಮಾತ್ರ ಗರಗಸ ಎತ್ತಬೇಕು.

ಇನ್ನೊಂದು ಮಾತು ನಮ್ಮ ಓದುಗರಿಗೆ ವಿಶೇಷವಾಗಿ. ಅಟ್ಟದಿಂದ ಇಳಿಸಿದ ಮೇಜಿನ ಡ್ರಾವರುಗಳನ್ನು ಪೂರ್ತಿ ಹೊರಗೆಳೆದು ಒಳಬದಿಯನ್ನೂ ಅಡಿಯನ್ನೂ ನೋಡಬೇಕು. ಮಗು ಹುಟ್ಟಿದ ದಿನ, ನಕ್ಷತ್ರ, ಗೇಣಿ ಭತ್ತದ ಲೆಕ್ಕ, ಸಾಲ ಕೊಟ್ಟ ತಾರೀಕು ಇವನ್ನು ಸೀಸದ ಕಡ್ಡಿಯಿಂದ ಮರದ ಮೇಲೆಯೇ ಗುರುತು ಹಾಕಿಡುವ ಅಭ್ಯಾಸ ನಮ್ಮ ಹಿರಿಯರಲ್ಲಿ ಹಲವರಿಗಿತ್ತು. ಕುಂದಾದ ಆ ಮೇಜಿನ ಡ್ರಾವರಿನಲ್ಲಿಯೂ ಹಾಗೆ ಬರೆದ ನಾಲ್ಕು ಸಾಲು ತಮಿಳು ಅಂಕಿ ಅಂಶಗಳಿದ್ದುವು. ಆಚಾರಿ ಆ ಹಲಗೆಗೆ ಮಾತ್ರ ಉಪ್ಪುಕಾಗದ ತಾಗಿಸಿರಲಿಲ್ಲ. ನಮ್ಮ ಮನೆಗಳಲ್ಲಿ ಸಿಗುವ ಬರಹ ಕನ್ನಡದ್ದು, ಕೆಲವೊಮ್ಮೆ ಹಳೆಯ ಮೋಡಿ ಕೈಯದ್ದು. ಬೇರೆ ಮಾಧ್ಯಮದಲ್ಲಿ ಕಲಿತ ಮೊಮ್ಮಗನಿಗೆ ಅದು ಗೀಚಿದ ಗೆರೆಯಂತೆ ಕಂಡೀತು. ಒಂದು ಉಪ್ಪುಕಾಗದದ ತಿಕ್ಕಿಗೆ ಅಜ್ಜನ ಅಕ್ಷರ ಹೋದೀತು. ಮನೆಯಲ್ಲಿ ಕನ್ನಡ ಓದಬಲ್ಲವರು ಇರುವಾಗಲೇ ಅದನ್ನು ಓದಿಸಿ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಈ ಕೆಲಸಕ್ಕೆ ದೊಡ್ಡ ಬಂಡವಾಳವೇನೂ ಬೇಡ. ಆಚಾರಿಗೆ ಎರಡು ಮೂರು ದಿನದ ಕೂಲಿ, ಪ್ಲಂಬರಿಗೆ ಒಂದು ದಿನದ್ದು, ಬೇಸಿನ್ನು, ನಳ್ಳಿ, ಕೊಳವೆ, ವಾರ್ನಿಷು. ಬರುವ ಬೇಸಗೆಯಲ್ಲಿ ಮನೆ ಪಾಲಿನ ಮಾತು ಎತ್ತಿರುವವರು, ಹೊಸ ಕೋಣೆ ಕಟ್ಟಿಸಲು ಹೊರಟವರು ಗುಜರಿಯವನಿಗೆ ಹೇಳಿ ಕಳುಹಿಸುವ ಮೊದಲು ಅಟ್ಟದ ಮೇಜನ್ನು ಒಮ್ಮೆ ಅಂಗಳಕ್ಕೆ ಇಳಿಸಿ ಬಿಸಿಲಿಗೆ ಇಡಲಿ. ಅದರ ಪಕ್ಕದಲ್ಲಿ ಮನೆಯ ಅಜ್ಜಿಯನ್ನೋ ಅಜ್ಜನನ್ನೋ ನಿಲ್ಲಿಸಿ, ಎರಡು ಕೈ ಮುಂದೆ ಚಾಚಲು ಹೇಳಿ, ಆ ಕೈಯ ಎತ್ತರವನ್ನು ಗೋಡೆಯಲ್ಲಿ ಗುರುತು ಹಾಕಿಕೊಳ್ಳಲಿ. ಆಚಾರಿಗೆ ಕೊಡಬೇಕಾದ ಮೊದಲ ಅಳತೆ ಅದೇ.